ಅಂಜಿಕೆಯ ಅಳತೆ

ಗದಗಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಊಟದ ಗಂಟೆ ಬಾರಿಸಿದ ಹೊತ್ತಿಗೆ ಪಾರ್ವತಿ ಟೀಚರ ಫೋನು ಮಿಡಿಯಿತು. 2058ರ ಹೊತ್ತಿಗೆ ಫೋನೆಂಬುದು ಅಂಗಿಯ ಗುಂಡಿಯಷ್ಟು ಚಿಕ್ಕದಾಗಿ, ಕಿವಿಯ ಹಿಂದೆ ಅಂಟಿ ಕೂರುವ ವಸ್ತುವಾಗಿತ್ತು.

“ಅವ್ವಾ, ನನ್ನ ಗಾಡಿ ಒಬ್ಬಾಂವಗ ಬಡದೈತಿ. ಸತ್ತಾನಂತ. ಪೊಲೀಸರು ನನ್ನ ಒಳಗ ಕುಂದರಿಸ್ಯಾರ. ಯಾರ ಮುಂದೂ ಹೇಳಬ್ಯಾಡ. ಫೋನ್ ಇಡಬ್ಯಾಡ.”

ದನಿ ಮಗಳದೇ. ಅಳುವಾಗ ನಡುನಡುವೆ ಬಿಕ್ಕುವ ರೀತಿಯೂ ಅವಳದೇ. ಟೀಚರ ಬಾಯಿಂದ “ಹೂಂ” ಎಂಬುದೊಂದು ಹೊರಬಿತ್ತು, ಅಷ್ಟೇ. ಮರುಕ್ಷಣ ಮಗಳ ಅಳು ನಿಂತುಹೋಗಿ ಇನ್ನೊಂದು ಹೆಣ್ಣುದನಿ ಸಾವಕಾಶವಾಗಿ ಕೇಳಿಸಿತು: “ಈ ಕರೆಯನ್ನು ಅಭಯ ನಿಲ್ಲಿಸಿದೆ. ಹದಿನೈದು ನಿಮಿಷ ಆ ದನಿ ನಿಮ್ಮನ್ನು ಮುಟ್ಟಲಾರದು. ಒಂದು ಲೋಟ ನೀರು ಕುಡಿಯಿರಿ. ಹತ್ತಿರ ಇರುವವರಿಗೆ ನಡೆದದ್ದನ್ನು ಹೇಳಿ.”

ಟೀಚರು ನೀರು ಕುಡಿದರು. ಮುಖ್ಯೋಪಾಧ್ಯಾಯಿನಿಯ ಕೈ ಹಿಡಿದುಕೊಂಡು ಹೇಳಿದರು. ಆಕೆ ತನ್ನ ಫೋನಿನಿಂದ ಮಗಳನ್ನು ಕರೆದಾಗ, ಹುಡುಗಿ ನರ್ಸಿಂಗ್ ಕಾಲೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಳು.

ಮರುವಾರ ಪಾರ್ವತಿ ಟೀಚರು ಧಾರವಾಡದವರೆಗೆ ಬಂದು, ಆ ಯಂತ್ರವನ್ನು ಮಾಡಿದಾಕೆಯನ್ನು ಹುಡುಕಿಕೊಂಡು ಹೋದರು. ಆಕೆ ಬಾಯಿ ತೆರೆದು ಮಾತಾಡಿದ ಕೂಡಲೇ ಟೀಚರಿಗೆ ಗುರುತು ಹತ್ತಿತು. ಫೋನಿನಲ್ಲಿ ನೀರು ಕುಡಿಯಿರಿ ಎಂದ ದನಿ ಇದೇ. ಡಾ. ನೀಲಗಂಗಾ ಬಾಳಿಕಾಯಿ ಬೇರೆಯವರನ್ನು ಹುಡುಕುವ ಗೋಜಿಗೆ ಹೋಗದೆ ತನ್ನ ದನಿಯನ್ನೇ ಅಭಯಕ್ಕೆ ಕೊಟ್ಟಿದ್ದಳು.

ನೀಲಗಂಗಾ ಧ್ವನಿವಿಜ್ಞಾನಿ. ಮನುಷ್ಯನ ಗಂಟಲೊಳಗಿನ ಧ್ವನಿತಂತುಗಳು ಮಾತಾಡುವಾಗ ಬರಿದೆ ಮಿಡಿಯುವುದಿಲ್ಲ. ಆ ಮಿಡಿತದ ಮೇಲೆ ಸೆಕೆಂಡಿಗೆ ಸುಮಾರು ಹತ್ತು ಸಲದಂತೆ ಒಂದು ಸಣ್ಣ ನಡುಕ ಸದಾ ಇರುತ್ತದೆ. ಕಿವಿಗೆ ಅದು ಕೇಳುವುದಿಲ್ಲ. ಅಂಜಿದಾಗ ಗಂಟಲ ಸ್ನಾಯು ಬಿಗಿದು ಆ ನಡುಕ ಬದಲಾಗುತ್ತದೆ. ಎಷ್ಟೇ ಗಟ್ಟಿ ಮನುಷ್ಯನಾದರೂ ಇದನ್ನು ಮುಚ್ಚಿಡಲಾರ. ಮೋಸದ ಕರೆಗಳನ್ನು ಹಿಡಿಯಹೊರಟವರೆಲ್ಲ ಅದುವರೆಗೆ ಹೇಳುವವನ ಸುಳ್ಳಿನ ಬೆನ್ನು ಹತ್ತಿದ್ದರು. ಸುಳ್ಳು ದಿನಕ್ಕೊಂದು ವೇಷ ಹಾಕುತ್ತಿತ್ತು. ನೀಲಗಂಗಾ ಕೇಳುವವರ ಅಂಜಿಕೆಯನ್ನು ಅಳೆದಳು. ಅದು ಮೀರಿದ ಕ್ಷಣ ಕರೆ ತುಂಡಾಗುವಂತೆ ಮಾಡಿದಳು.

ಈ ದಾರಿ ಅವಳಿಗೆ ಹೊಳೆದದ್ದು ಪ್ರಯೋಗಶಾಲೆಯಲ್ಲಲ್ಲ, ಮನೆಯಲ್ಲಿ. ಅವಳ ಕಾಕಾ ಚನ್ನವೀರಪ್ಪ ಮೂವತ್ತೈದು ವರ್ಷ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಸಾಕ್ಷಿದಾರರು ಬಾಯಲ್ಲಿ ಹೇಳಿದ ಸಾವಿರಾರು ಜಬಾನಿಗಳನ್ನು ಕೈಯಾರೆ ಬರೆದವರು. ಅಂಥವರನ್ನು ನಿವೃತ್ತಿಯಾದ ನಾಲ್ಕನೇ ವರ್ಷ ಯಾರೋ ಪೊಲೀಸ್ ಅಧಿಕಾರಿಯ ಹೆಸರಿನಲ್ಲಿ ಮೂರು ದಿನ ಫೋನಿನಲ್ಲೇ ಬಂಧಿಸಿಟ್ಟಿದ್ದರು. ಊಟಕ್ಕೆ ಏಳಬೇಕಾದರೂ ಅಪ್ಪಣೆ ಕೇಳಬೇಕು, ಮನೆಯವರೊಡನೆ ತುಟಿ ಬಿಚ್ಚಬಾರದು. ಕೂಡಿಟ್ಟದ್ದೆಲ್ಲ ಹೋಯಿತು. ಆದರೆ ಕಾಕಾನನ್ನು ಮುರಿದದ್ದು ಆಮೇಲೆ ಜನ ಕೇಳಿದ ಪ್ರಶ್ನೆ. “ಕಾಯ್ದೆ ಬಲ್ಲವರು ನೀವು. ಫೋನಿನ್ಯಾಗ ಯಾರರ ಅರೆಸ್ಟ್ ಮಾಡ್ತಾರೇನ್ರಿ? ನಿಮಗೂ ತಿಳೀಲಿಲ್ಲಾ?”

“ತಿಳದಿತ್ತು, ನೀಲಾ,” ಎಂದಿದ್ದರು ಕಾಕಾ ಒಮ್ಮೆ, ಅವಳೊಬ್ಬಳ ಮುಂದೆ. “ಆದರ ಅಂಜಿಕಿ ಒಳಗ ಹೊಕ್ಕಿತಂದ್ರ, ತಿಳದದ್ದು ಹೊರಗ ನಿಂತುಬಿಡ್ತೈತಿ.” ಅಂದಿನಿಂದ ಹದಿನಾಲ್ಕು ವರ್ಷ ಅವರು ಫೋನನ್ನು ಕೈಯಿಂದ ಮುಟ್ಟಿರಲಿಲ್ಲ.

ಅಭಯ ಬಂದ ಮೂರೇ ವರ್ಷದಲ್ಲಿ ದೇಶದಲ್ಲಿ ಮೋಸದ ಕರೆಗಳಿಗೆ ಹಣ ಕಳೆದುಕೊಳ್ಳುವವರು ಹೆಚ್ಚುಕಡಿಮೆ ಇಲ್ಲವಾದರು. ಪಾರ್ವತಿ ಟೀಚರಿಗೆ ಬಂದಂಥ ನಕಲು ದನಿಗಳನ್ನಂತೂ, ಅವುಗಳಲ್ಲಿ ಗಂಟಲ ನಡುಕವೇ ಇಲ್ಲದ್ದರಿಂದ, ಹೊಸ ಅಭಯ ಹೊಸ್ತಿಲಲ್ಲೇ ತಡೆಯುತ್ತಿತ್ತು. ನೀಲಗಂಗಾಳಿಗೆ ಸನ್ಮಾನಗಳಾದವು. ಶಾಲೆಯ ಪುಸ್ತಕದಲ್ಲಿ ಅವಳ ಬಗ್ಗೆ ಒಂದು ಪಾಠವೂ ಬಂತು.

2061ರ ಜುಲೈ ತಿಂಗಳಲ್ಲಿ ಅವಳ ಜೊತೆ ಕೆಲಸ ಮಾಡುವ ಎಂಜಿನಿಯರ್ ಇಮ್ತಿಯಾಜ್ ದೊಡಮನಿ ಒಂದು ಬೆಳಿಗ್ಗೆ ಚಹಾ ಕುಡಿಯದೆ ಅವಳ ಕೋಣೆಗೆ ಬಂದ. ಅಭಯ ತುಂಡರಿಸಿದ ಕರೆಗಳ ಕೊನೆಯ ಅರ್ಧ ನಿಮಿಷವನ್ನು, ಫೋನಿನ ಮಾಲೀಕರು ಒಪ್ಪಿದ್ದರೆ, ಅಧ್ಯಯನಕ್ಕೆಂದು ಇಟ್ಟುಕೊಳ್ಳುವ ಪದ್ಧತಿಯಿತ್ತು. ಅವುಗಳನ್ನು ಪರಿಶೀಲಿಸುವುದು ಅವನ ಕೆಲಸ.

“ಮೇಡಮ್, ಇಪ್ಪತ್ಮೂರು ಕರೆ. ಬ್ಯಾರೆ ಬ್ಯಾರೆ ಊರಿಗೆ ಹೋಗ್ಯಾವ. ಮಾತಾಡೂ ದನಿ ಮಾತ್ರ ಒಂದ. ನೀವು ಒಮ್ಮೆ ಕೇಳ್ರಿ.”

ಮೊದಲು ಕೇಳಿದ್ದು ಬರೆದುಕೊಟ್ಟ ಮಾತನ್ನು ಓದುವ ಹುಡುಗಿಯ ದನಿ. “ನಮಸ್ಕಾರ. ಸುಂಕ ಇಲಾಖೆಯಿಂದ ಮಾತನಾಡುತ್ತಿದ್ದೇನೆ. ನಿಮ್ಮ ಹೆಸರಿಗೆ ಬಂದಿರುವ ಪಾರ್ಸೆಲ್‌ನಲ್ಲಿ ನಿಷೇಧಿತ ವಸ್ತು ಪತ್ತೆಯಾಗಿದೆ.” ಆ ಕಡೆ ಒಬ್ಬ ಗಂಡಸು “ಏನು? ಯಾವ ಪಾರ್ಸೆಲ್?” ಎಂದು ತೊದಲಿದ. ಆಮೇಲೆ ಹುಡುಗಿಯ ದನಿ ಥಟ್ಟನೆ ತಗ್ಗಿತು. “ಅಣ್ಣಾರ, ಇದೆಲ್ಲ ಸುಳ್ಳು. ಅಂಜಬ್ಯಾಡ್ರಿ. ನನ್ನ ಹೆಸರು ದಾಕ್ಷಾಯಿಣಿ, ಕೊಪ್ಪಳ ಕಡೀದಾಕಿ. ನೌಕರಿ ಕೊಡ್ತೀವಂತ ಕರಕೊಂಡು ಬಂದು ಇಲ್ಲೆ ಕೂಡಿಹಾಕ್ಯಾರ. ನಿಮ್ಮ ಕಾಲ ಬೀಳ್ತೀನಿ, ಫೋನ್ ಇಡ—”

ಅಲ್ಲಿಗೆ ನೀಲಗಂಗಾಳ ದನಿ ಬಂತು. ಈ ಕರೆಯನ್ನು ಅಭಯ ನಿಲ್ಲಿಸಿದೆ.

ಇಪ್ಪತ್ಮೂರು ಸಲವೂ ಹಾಗೇ. ಕೆಲವು ಕರೆಗಳಲ್ಲಿ ಹುಡುಗಿ ತನ್ನ ಹೆಸರನ್ನೂ ಮುಗಿಸಿರಲಿಲ್ಲ. ಕೇಳುವವರು ಪಾರ್ಸೆಲ್ ಎಂಬ ಮಾತಿಗೇ ಬೆದರುತ್ತಿದ್ದರು. ಅಭಯ ತನ್ನ ಕೆಲಸವನ್ನು ಚುರುಕಾಗಿ ಮಾಡುತ್ತಿತ್ತು. ಇಮ್ತಿಯಾಜ್ ತೆರೆಯ ಮೇಲೆ ಎರಡು ಗೆರೆ ತೋರಿಸಿದ. ಕೆಳಗಿನದು ಕೇಳುವವನ ಅಂಜಿಕೆ. ಮೇಲಿನದು, ಅದರ ಮೂರು ಪಟ್ಟು ಎತ್ತರದಲ್ಲಿ ಹರಿದದ್ದು, ಹುಡುಗಿಯದು. ಕರೆ ಮಾಡುವವರ ದನಿಯಲ್ಲಿ ನಡುಕ ಇದೆಯೋ ಇಲ್ಲವೋ ಎಂದಷ್ಟೇ ಅಭಯ ನೋಡುತ್ತಿತ್ತು, ಅವರ ಅಂಜಿಕೆಯನ್ನು ಯಾರೂ ಅಲ್ಲಿಯವರೆಗೆ ಅಳೆದಿರಲಿಲ್ಲ.

“ನಕಲು ದನಿ ನಡೀದಂಗ ಮಾಡಿದ್ವಿ ನಾವು,” ಎಂದ ಇಮ್ತಿಯಾಜ್, ಅವಳ ಮುಖ ನೋಡದೆ. “ಅದಕ್ಕ ಅವರಿಗೆ ಜೀವಂತ ಗಂಟಲ ಬೇಕಾದವು.”

ನೀಲಗಂಗಾ ಆ ದಿನವೇ ಬೆಂಗಳೂರಿಗೆ ಹೋಗಿ, ದೂರವಾಣಿ ಸುರಕ್ಷಾ ಮಂಡಳಿಯ ಮುಖ್ಯಸ್ಥ ರಘುವೀರ ಆರಾಧ್ಯರ ಎದುರು ಕುಳಿತಳು. ಕರೆ ಮಾಡುವವರ ಅಂಜಿಕೆ ಕೇಳುವವರ ಅಂಜಿಕೆಗಿಂತ ಹೆಚ್ಚಾದಾಗ ಅಭಯ ಕರೆ ತುಂಡರಿಸದೆ, ಅದನ್ನು ಯಾರಾದರೂ ಮನುಷ್ಯರಿಗೆ ದಾಟಿಸಬೇಕು ಎಂಬುದು ಅವಳ ಬೇಡಿಕೆ.

ಆರಾಧ್ಯರು ಕೆಟ್ಟವರಲ್ಲ. ದಾಕ್ಷಾಯಿಣಿಯ ಮಾತನ್ನು ಅವರು ಎರಡು ಸಲ ಹಾಕಿಸಿ ಕೇಳಿದರು. “ಆದ್ರೆ ಯೋಚ್ನೆ ಮಾಡಿ ಡಾಕ್ಟ್ರೇ. ಅಳೋ ದನಿಗೆ ಬಾಗಿಲು ತೆಗೆದ್ರೆ ನಾಳೆ ಎಲ್ಲ ಕಳ್ಳರೂ ಅಳ್ತಾರೆ.”

“ಅಳೋದನ್ನ ನಟಿಸಬಹುದು ಸರ್. ಗಂಟಲ ನಡುಕ ನಟಿಸೋಕಾಗಲ್ಲ.”

“ನಟಿಸಬೇಕಾಗೇ ಇಲ್ಲವಲ್ಲ. ಹೊಡೆದು ಕೂರಿಸಿದ್ರೆ ಸಾಕು, ನಿಜವಾಗೇ ನಡುಗ್ತಾರೆ.”

ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಆರಾಧ್ಯರು ಒಂದು ಪ್ರಯೋಗಕ್ಕೆ ಒಪ್ಪಿದರು. ಒಂದೇ ಫೋನು, ಒಂದೇ ತಿಂಗಳು. ಆ ಹುಡುಗಿಯ ದನಿ ದೇಶದ ಯಾವ ಮೂಲೆಗೆ ಬಂದರೂ ಆ ಫೋನಿಗೆ ತಿರುಗಲಿ. ಕೇಳುವವರು ಮಾತ್ರ ತಮ್ಮ ಅಭಯವನ್ನು ತೆಗೆಸಿಕೊಂಡು, ಆಗುವುದಕ್ಕೆಲ್ಲ ತಾವೇ ಹೊಣೆ ಎಂದು ರುಜು ಹಾಕಬೇಕು.

ತಾನೇ ಕೇಳುವುದೆಂದು ನೀಲಗಂಗಾ ನಿಶ್ಚಯಿಸಿದ್ದಳು. ಮನೆಗೆ ಬಂದಾಗ ಕಾಕಾ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದರು. ಕೈ ಮಾತ್ರ ಕಡ್ಡಿಯಿಂದ ಎಲೆ ಬಿಡಿಸುತ್ತಲೇ ಇತ್ತು.

“ನಿನ್ನ ಮುಂದ ಒಂದು ಮಾತು ಹೇಳಿಲ್ಲ ನಾನು,” ಎಂದರು. “ಯಾರ ಮುಂದೂ ಹೇಳಿಲ್ಲ. ಆ ಮೂರನೇ ದಿವಸ, ನನ್ನ ಹೆದರಸ್ತಿದ್ದ ಆ ಹುಡುಗ ಒಮ್ಮಿಂದೊಮ್ಮೆ ದನಿ ಸಣ್ಣದು ಮಾಡಿ, ‘ಅಜ್ಜಾರ, ಊಟ ಆತೇನ್ರಿ?’ ಅಂದ. ನಾ ಗಾಬರ್ಯಾಗಿ ಏನೂ ಅನಲಿಲ್ಲ. ಮತ್ತ ಒದರಾಕ ಚಾಲೂ ಮಾಡಿದ.” ಸ್ವಲ್ಪ ತಡೆದು ಹೇಳಿದರು: “ಆತನೂ ಏನೋ ಹೇಳಾವಿದ್ದನೋ ಏನೋ. ಆ ಕಾಗದ ತಾ ಇಲ್ಲೆ. ನಾ ರುಜು ಹಾಕತೀನಿ.”

“ಕಾಕಾ, ನಿಮ್ಮ ಕಡೆ ಆಗೂದಿಲ್ಲ. ಗಾಬರಿ ಆಗಬಾರದಂತ ಡಾಕ್ಟರ್ ಹೇಳ್ಯಾರ, ನೆನಪೈತಿಲ್ಲೋ?”

“ಜಬಾನಿ ಬರ್ಕೊಳ್ಳೂದು ನಿನಗ ಬರ್ತೈತೇನು? ಅಳಾವರ ಕಡಿಂದ ಊರು, ಹೆಸರು, ದಿಕ್ಕು ಹ್ಯಾಂಗ ತಗೀಬೇಕು, ಗೊತ್ತೈತೇನು ನಿನಗ? ನಂದ ಅದು ಕೆಲಸ.”

ಒಂಬತ್ತನೇ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಮಿಡಿಯಿತು. ಕಾಕಾ ಮೇಜಿನ ಮುಂದೆ ಕಾಗದ, ಪೆನ್ನು ಇಟ್ಟುಕೊಂಡು ಕುಳಿತಿದ್ದರು. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಅವರು ಫೋನಿನ ಗುಂಡಿ ಒತ್ತಿದರು.

“ನಮಸ್ಕಾರ. ಸುಂಕ ಇಲಾಖೆಯಿಂದ—”

“ಹೇಳವ್ವಾ ದಾಕ್ಷಾಯಿಣಿ. ನಾ ಫೋನ್ ಇಡೂದಿಲ್ಲ.”

ಆ ಕಡೆ ಹುಡುಗಿ ಬಾಯಿಗೆ ಕೈ ಒತ್ತಿಕೊಂಡು ಅಳುವುದು ಕೇಳಿಸಿತು.

“ಅಳಬ್ಯಾಡ ತಂಗಿ, ಹೊತ್ತಿಲ್ಲ. ಕಿಡಕಿ ಐತೇನು ಅಲ್ಲೆ? ಏನು ಕಾಣಸ್ತೈತಿ?”

“ಎರಡು ಎತ್ತರದ ಚಿಮಣಿ ಅದಾವ್ರಿ. ಒಂದಕ್ಕ ಕೆಂಪು ಪಟ್ಟಿ. ಸಮುದ್ರ ಕಾಣೂದಿಲ್ಲ, ಮೀನಿನ ವಾಸನಿ ಬರ್ತೈತಿ.”

“ಹೊತ್ತು ಯಾವ ಬದಿಗೆ ಮುಣಗ್ತೈತಿ, ಚಿಮಣಿ ಹಿಂದೋ, ನಿಮ್ಮ ಹಿಂದೋ?”

“ಚಿಮಣಿ ಹಿಂದ್ರಿ.”

“ಎಷ್ಟು ಮಂದಿ ಇದ್ದೀರಿ?”

“ಈ ಮಾಳಿಗಿ ಮ್ಯಾಲೆ ಅರವತ್ತು... ಬಂದ, ಬಂದ್ರಿ—” ದನಿ ಏರಿತು. “ನೀವು ಸಹಕರಿಸದಿದ್ದರೆ ಈಗಲೇ ಬಂಧಿಸಬೇಕಾಗುತ್ತದೆ!”

ಕಾವಲಿನವನು ಅವಳ ಬೆನ್ನ ಹಿಂದೆ ನಿಂತಿದ್ದಾನೆಂದು ಕಾಕಾನಿಗೆ ತಿಳಿಯಿತು. ಕೇಳುವವನು ಅಂಜದಿದ್ದರೆ ಅವಳಿಗೆ ಏಟು ಬೀಳುತ್ತದೆಂದೂ ತಿಳಿಯಿತು. ಅವರು ಕಣ್ಣು ಮುಚ್ಚಿದರು.

“ಸಾಹೇಬರ, ನಂದೇನೂ ತಪ್ಪಿಲ್ರಿ. ಕೈ ಮುಗೀತೀನಿ. ನಾ ಮರ್ಯಾದಿಯಿಂದ ಬಾಳಿದಾಂವ ಅದೀನ್ರಿ. ನನ್ನ ಮಾನಾ ಉಳಸ್ರಿ.”

ಪಕ್ಕದಲ್ಲಿದ್ದ ನೀಲಗಂಗಾಳಿಗೆ ಈ ಮಾತುಗಳು ಗೊತ್ತಿದ್ದವು. ಹದಿನಾಲ್ಕು ವರ್ಷದ ಹಿಂದಿನ ಪೊಲೀಸ್ ದಾಖಲೆಯಲ್ಲಿ ಅವು ಹೀಗೇ ಇದ್ದವು. ತೆರೆಯ ಮೇಲೆ ಕಾಕಾನ ಗೆರೆ ನೆಟ್ಟಗೆ ಮೇಲೇರಿತು. ಅದು ನಟನೆಯಾಗಿರಲಿಲ್ಲ. ಅಭಯವಿದ್ದಿದ್ದರೆ ಯಾವಾಗಲೋ ಕರೆ ತುಂಡಾಗುತ್ತಿತ್ತು. ಆದರೆ ಅವರ ಬಲಗೈ ಬರೆಯುತ್ತಿತ್ತು: ಎರಡು ಚಿಮಣಿ, ಒಂದಕ್ಕೆ ಕೆಂಪು ಪಟ್ಟಿ, ಪಶ್ಚಿಮಕ್ಕೆ.

ಆ ತಿಂಗಳಲ್ಲಿ ದಾಕ್ಷಾಯಿಣಿ ಇನ್ನೂ ಮೂರು ಸಲ ಮಾತಾಡಿದಳು. ಒಮ್ಮೆ ತನ್ನ ತಾಯಿಯ ಹೆಸರು ಹೇಳಿದಳು. ಒಮ್ಮೆ ಜೊತೆಯವರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಅವಳ ದನಿ ಎಲ್ಲಿಯೂ ಸಿಗಲಿಲ್ಲ. ಕಾಕಾ ಬರೆದ ಹನ್ನೊಂದು ಪುಟ ಎರಡು ದೇಶಗಳ ಪೊಲೀಸರ ಕೈ ದಾಟಿ, ಕೊನೆಗೆ ಸಮುದ್ರದಾಚೆಯ ಒಂದು ಬಂದರಿನ ಬಳಿ ಕೆಂಪು ಪಟ್ಟಿಯ ಚಿಮಣಿಯ ಎದುರಿನ ಕಟ್ಟಡವನ್ನು ತೋರಿಸಿತು. ನಲವತ್ತೊಂದು ಮಂದಿ ತಾಯ್ನಾಡಿಗೆ ಮರಳಿದರು. ಅವರಲ್ಲಿ ದಾಕ್ಷಾಯಿಣಿ ಇರಲಿಲ್ಲ. ಮಾತು ಉದ್ದವಾಯಿತೆಂದು ಸಂಶಯ ಬಂದು, ದಾಳಿಗೆ ಒಂದು ವಾರ ಮೊದಲು ಅವಳನ್ನೂ ಇನ್ನು ಕೆಲವರನ್ನೂ ಬೇರೆಡೆ ಸಾಗಿಸಿದ್ದರೆಂದು ಮರಳಿದ ಸಿಂಧನೂರಿನ ಯುವಕನೊಬ್ಬ ಹೇಳಿದ.

ನೀಲಗಂಗಾ ಇದನ್ನು ತಿಳಿಸಿದಾಗ ಕಾಕಾ ಊಟ ಬಿಟ್ಟು ಎದ್ದರು. ಮರುದಿನ ಬೆಳಿಗ್ಗೆ ಹೊಸ ಕಾಗದದ ಕಟ್ಟು ತರಿಸಿ ಮೇಜಿನ ಮುಂದೆ ಕುಳಿತರು. ಕೊಪ್ಪಳದಿಂದ ದಾಕ್ಷಾಯಿಣಿಯ ತಾಯಿ ಬಂದು ಆ ನಾಲ್ಕು ಕರೆಗಳನ್ನು ಕೇಳಬೇಕೆಂದಾಗ, ಅವರೇ ಪಕ್ಕದಲ್ಲಿ ಕುಳಿತು ಕೇಳಿಸಿದರು. ಆ ತಾಯಿ ಕೇಳಿದ್ದು ಒಂದೇ ಮಾತು. “ಇಷ್ಟು ದಿನಾ ಯಾಕ ಯಾರೂ ಕೇಳಲಿಲ್ರಿ?” ಅದಕ್ಕೆ ನೀಲಗಂಗಾ, “ನನ್ನ ಯಂತ್ರ ಕೇಳಗೊಡಲಿಲ್ಲವ್ವಾ,” ಎಂದಳು. ಬೇರೆ ಹೇಗೆ ಹೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಮಂಡಳಿ ನಿಯಮ ಬದಲಿಸಿತು. ಕರೆ ಮಾಡುವವರ ಅಂಜಿಕೆಯನ್ನೂ ಅಭಯ ಅಳೆಯತೊಡಗಿತು. ಆದರೆ ಅಂಥ ಕರೆಗಳನ್ನು ಕೇಳಲು ಮನುಷ್ಯರು ಬೇಕಿತ್ತು. ಸಂಬಳಕ್ಕೆ ಬಂದವರು ಹದಿನೈದು ದಿನಕ್ಕೆ ಬಿಟ್ಟುಹೋದರು. ಉಳಿದುಕೊಂಡವರು ಒಂದು ಕಾಲಕ್ಕೆ ಮೋಸ ಹೋದವರು. ತುಮಕೂರಿನ ಒಬ್ಬ ಬ್ಯಾಂಕ್ ನೌಕರ, ಕುಂದಾಪುರದ ಒಬ್ಬ ದಾದಿ, ಬೀದರಿನ ಒಬ್ಬ ನಿವೃತ್ತ ಸೈನಿಕ. ಮನೆಯವರ ಮುಂದೆಯೂ ತಲೆ ಎತ್ತದೆ ಬದುಕಿದ್ದವರು. ಅಂಜಿದ ದನಿ ಕೇಳಿದಾಗ ಅವರು ಯಾರೂ “ನಿಮಗೆ ತಿಳೀಲಿಲ್ವಾ?” ಎಂದು ಕೇಳುತ್ತಿರಲಿಲ್ಲ.

ನೀಲಗಂಗಾಳಿಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಜೀವಂತ ಗಂಟಲುಗಳನ್ನು ಹಿಡಿದು ತರುವ ಈ ದಂಧೆ ಅಭಯದಿಂದಲೇ ಹುಟ್ಟಿತೆ? ತಿಳಿಯಲೆಂದು ಅವಳು ಹಳೆಯ ಧ್ವನಿಮುದ್ರಿಕೆಗಳನ್ನು ತರಿಸಿದಳು. ತನ್ನ ಅಜ್ಜಿಯ ಕಾಲದವು, ಎರಡು ಸಾವಿರದ ಇಪ್ಪತ್ತರ ದಶಕದವು. ಆಗ ಜನ ಇಂಥ ಕರೆ ಬಂದರೆ ಬೈದು ಇಡುತ್ತಿದ್ದರು. ಚುರುಕು ಬುದ್ಧಿಯವರು ಕರೆ ಮಾಡಿದವನನ್ನೇ ಗೋಳುಹೊಯ್ದುಕೊಂಡು, ಅದನ್ನು ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸಿ ನಗುತ್ತಿದ್ದರು.

ಅಂಥದೊಂದನ್ನು ಅವಳು ಅಳತೆಗೆ ಹಚ್ಚಿದಳು. ಹನ್ನೊಂದು ನಿಮಿಷ. ಬೆಂಗಳೂರಿನವನೊಬ್ಬ ಕರೆ ಮಾಡಿದವನನ್ನು ಜಾಣತನದಿಂದ ಆಡಿಸುತ್ತಿದ್ದಾನೆ. ಹಿಂದೆ ನಾಲ್ಕಾರು ಜನ ಬಾಯಿ ಮುಚ್ಚಿ ನಗುತ್ತಿದ್ದಾರೆ. ಅವನ ಗೆರೆ ನೀರಿನ ಹಾಗೆ ಸಮವಾಗಿದೆ. ಕರೆ ಮಾಡಿದವನ ಗೆರೆ ನಿಮಿಷ ನಿಮಿಷಕ್ಕೂ ಏರುತ್ತ ಹೋಯಿತು. ದಾಕ್ಷಾಯಿಣಿಯ ಮಟ್ಟವನ್ನು ಮುಟ್ಟಿತು, ದಾಟಿತು. “ನಿನ್ನಂಥ ಕಳ್ಳರನ್ನ ಎಷ್ಟು ಜನ ನೋಡಿಲ್ಲ, ಇಡಪ್ಪಾ ಫೋನು,” ಎಂದು ಬೆಂಗಳೂರಿನವನು ಕೊನೆಗೆ ನಕ್ಕ.

“ಸರ್,” ಎಂದಿತು ಆ ಕಡೆಯ ದನಿ, ತೀರಾ ಎಳೆಯದು. “ಇನ್ನೊಂದೇ ಒಂದು ನಿಮಿಷ ಇಡಬೇಡಿ ಸರ್.”

ಕೋಣೆ ತುಂಬ ನಗು ಎದ್ದಿತು. ಆಮೇಲೆ ಫೋನು ಇಟ್ಟ ಸದ್ದು.