ಫರ್ನೇಸ್ ಆರುವ ತನಕ

ಭಾನುಪ್ರಿಯಾ ಶೆಡ್ಡಿನ ಬಾಗಿಲಿಗೆ ಬಂದಾಗ ಮಂಜೇಶ್ ನಗಲಿಲ್ಲ. ದಿನವೂ "ಬಂದ್ರಪ್ಪ, ನಾ ಕಟ್ಟಿದ್ನೆಲ್ಲ ಮುರಿಯೋ ಮೇಡಂ" ಅನ್ನುತ್ತಿದ್ದ.

ಹಾಸನದ ಹೊರಗಿನ ಆ ಕಾರ್ಖಾನೆಯಲ್ಲಿ ಉಕ್ಕಿನ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಬಿಡಿಭಾಗ ಕಟ್ಟುವುದು, ಫರ್ನೇಸಿನಲ್ಲಿ ಕಾಯಿಸಿ ನಿಧಾನಕ್ಕೆ ಆರಿಸುವುದು ಅವನ ಕೆಲಸ. ಮಾದರಿ ತುಂಡನ್ನು ಎಳೆದು ಮುರಿದು ಗಟ್ಟಿತನ ಅಳೆಯುವುದು ಅವಳದು.

ಸೋಮವಾರ ಅವನು ಕಟ್ಟಿದ್ದ ಒಂದು ವಾಲ್ವ್ ಒತ್ತಡದ ಟೆಸ್ಟಿನಲ್ಲಿ ಸಿಡಿದಿತ್ತು. ಎದುರಿಗಿದ್ದ ಕೆಲಸಗಾರ ದಿಲೀಪನ ಎಡಗಣ್ಣು ಹೋಯಿತು.

"ಪುಡಿ ತೇವ ಇತ್ತು ಅಂತ ವರದಿ ಬರೆದು ಮುಗಿಸಿ" ಎಂದು ಭಾನುಪ್ರಿಯಾಗೆ ಹೇಳಿದ್ದರು ಮ್ಯಾನೇಜರು. ಪುಡಿ ಜರಡಿ ಹಿಡಿದು ಒಣಗಿಸುವವನು ದಿಲೀಪನೇ.

"ತೇವ ಇದ್ದಿದ್ರೆ ಒಳಗೆ ದುಂಡುದುಂಡಗೆ ತೂತು ಇರ್ಬೇಕಿತ್ತು," ಎಂದಳು ಭಾನುಪ್ರಿಯಾ. "ಒಂದೂ ಇಲ್ಲ. ಕೂದಲೆಳೆಯಷ್ಟು ಬಿರುಕೈತೆ. ಬಿಸಿ ಇರುವಾಗ್ಲೇ ಗಾಳಿ ಸೋಕಿದ್ದು."

ಫರ್ನೇಸಿನ ಗ್ರಾಫನ್ನು ಅವನ ಮುಂದಿಟ್ಟಳು. ಆ ವಾಲ್ವ್ ಕಾಯಿಸಿದ ಹದಿನಾಲ್ಕನೇ ತಾರೀಕು, ಸಂಜೆ ಐದೂಕಾಲು. ಇನ್ನೂರು ಡಿಗ್ರಿಗೆ ಇಳಿದ ಮೇಲೆ ತೆರೆಯಬೇಕಾದ ಬಾಗಿಲು ಐನೂರಕ್ಕೇ ತೆರೆದಿತ್ತು.

ಆ ಸಂಜೆ ಇಬ್ಬರಿಗೂ ನೆನಪಿತ್ತು. ಹಳೇಕೋಟೆಗೆ ಅವಳ ಬಸ್ಸು ಐದೂಮುಕ್ಕಾಲಿಗೆ. ಭಾಗ ಹೊರಗೆ ತೆಗೆಯದೆ ಅವನು ಕದಲುವಂತಿರಲಿಲ್ಲ. ಆದರೂ ಅವಳನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬೈಕು ತಂದು ನಿಲ್ಲಿಸಿದ್ದ.

"ಇಷ್ಟು ಬೇಗ ಆರೋಯ್ತಾ?" ಎಂದು ಅವಳು ಕೇಳಿದ್ದಳು.

"ನಿಮ್ಮ ಮುಖ ನೋಡಿ ಅದೇ ಆರ್ಕೊಂಬುಡ್ತು ಕಣ್ರೀ."

ಅವಳು ನಕ್ಕು ಹಿಂದೆ ಕೂತಿದ್ದಳು. ಬೈಕಿನ ಕನ್ನಡಿಯಲ್ಲಿ ಅವನ ಕಣ್ಣು ಮತ್ತೆ ಮತ್ತೆ ತನ್ನನ್ನು ಹುಡುಕಿ, ಸಿಕ್ಕೊಡನೆ ರಸ್ತೆಗೆ ಓಡಿಹೋಗುವುದನ್ನು ಸ್ಟ್ಯಾಂಡಿನವರೆಗೂ ನೋಡಿದ್ದಳು.

"ನಮ್ಮಪ್ಪ ಇಟ್ಟಿಗೆ ಗೂಡು ಸುಡೋನು," ಎಂದ ಮಂಜೇಶ್, ಗ್ರಾಫಿನಿಂದ ತಲೆಯೆತ್ತಿ. "ಆರೋಕ್ಮುಂಚೆ ಬಿಚ್ಚುದ್ರೆ ಸೀಳ್ತವೆ ಅಂತ ಎಂಟೊರ್ಸಕ್ಕೇ ಗೊತ್ತಿತ್ತು ನಂಗೆ." ಆಮೇಲೆ ಕೇಳಿದ: "ದಿಲೀಪ ಏನಂದ?"

"'ನಾನೇ ಸರಿಯಾಗಿ ಒಣಗಿಸ್ನಿಲ್ವೇನೋ ಭಾನಕ್ಕ' ಅಂದ. ಎರಡು ಸಲ ಅಂದ."

ಮಂಜೇಶ್ ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಬಾಗಿಲು ತೆರೆದವನು ತಾನೆಂದು ವರದಿಯಲ್ಲಿ ಬರೆದು ಸಹಿ ಹಾಕಿದ.

"ಕೆಲ್ಸ ಓಯ್ತದೆ, ಓಗ್ಲಿ. ಬಸ್ಸಿನ ವಿಸ್ಯ ಮಾತ್ರ ಬರೀಬ್ಯಾಡಿ. ನಿಮ್ಮೆಸ್ರು ಯಾಕೆ?"

ಅವಳು ಕಾಗದ ಎಳೆದುಕೊಂಡು ಅವನ ಸಹಿಯ ಕೆಳಗೆ ಬರೆದಳು: 'ಬೇಗ ತೆರೆದದ್ದು ನನಗೂ ಗೊತ್ತಿತ್ತು. ಸುಮ್ಮನಿದ್ದೆ.'

"ಭಾನೂ..."

ಮೊದಲ ಸಲ ಮೇಡಂ ಅನ್ನಲಿಲ್ಲ.

"ಕರೆಯೋಕೆ ಇವತ್ತೇ ಬೇಕಿತ್ತಾ ನಿಂಗೆ?" ಎಂದಳು. ಕಣ್ಣು ತುಂಬಿತ್ತು.

"ಒಂದ್ಮಾತು ಯೋಳ್ಬೇಕು ಅಂತ ಆರು ತಿಂಗ್ಳಿಂದ..."

"ಗೊತ್ತು ಕಣೋ. ಮೊದ್ಲು ದಿಲೀಪನತ್ರ ಯೋಳು. ನಾನೂ ಬತ್ತೀನಿ."

ಇವತ್ತಿನ ಭಾಗಗಳು ಇನ್ನೂ ಫರ್ನೇಸಿನೊಳಗೆ ಆರುತ್ತಿದ್ದವು. ಇಬ್ಬರೂ ಪಕ್ಕದ ಬೆಂಚಿನ ಮೇಲೆ, ನಡುವೆ ವರದಿ ಇಟ್ಟುಕೊಂಡು ಕೂತರು. ಐದೂಮುಕ್ಕಾಲಾಯಿತು. ಬಸ್ಸು ಸ್ಟ್ಯಾಂಡ್ ಬಿಟ್ಟಿರಬೇಕು. ಅವನು ಅವಳ ಕಡೆ ತಿರುಗಿದ. ಅವಳು ಫರ್ನೇಸಿನ ಅಂಕಿಯನ್ನೇ ನೋಡುತ್ತಿದ್ದಳು.

"ಮುನ್ನೂರ ಎಂಬತ್ತು," ಎಂದಳು. "ಇಳೀಲಿ."