ಖಾತ್ರಿಯಿಲ್ಲದ ಹುದ್ದೆ

ಹಂಸವೇಣಿ ಇನ್ನೂ ಬದುಕದ ಐದು ವರ್ಷಗಳನ್ನು ಅವಳು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುನ್ನೋಟ ಯಂತ್ರವು ಸಾವಿರಾರು ಸಲ ಬದುಕಿ ನೋಡಿತು. ಚಿತ್ರದುರ್ಗದ ಹೊರಗೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ಕೆಳಗಿದ್ದ ಕಂಪ್ಯೂಟರ್ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಆ ದಿನ ಅವಳ ಪಿಎಚ್.ಡಿ. ಸಂದರ್ಶನ. ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದವರು ಲ್ಯಾಬಿನ ಮುಖ್ಯಸ್ಥ ಡಾ. ಇಂದುಧರ. ಮುನ್ನೋಟವನ್ನು ಕಂಡುಹಿಡಿದವರೂ ಅವರೇ. ಗೋಡೆಯ ಪರದೆಯ ಮೇಲೆ ಉತ್ತರ ಮೂಡಿತು: ನೂರಕ್ಕೆ ಎರಡು.

ಯಂತ್ರ ಮಾಡುತ್ತಿದ್ದ ಕೆಲಸ ಇಷ್ಟು. ಅರ್ಧ ಶತಮಾನದ ಪ್ರೌಢಪ್ರಬಂಧಗಳನ್ನೂ ಕೈಗೂಡದೆ ಬಿಟ್ಟುಹೋದ ಪ್ರಯೋಗಗಳ ದಾಖಲೆಗಳನ್ನೂ ಅದು ಓದಿಕೊಂಡಿತ್ತು. ಹೊಸ ಪ್ರಶ್ನೆಯೊಂದನ್ನು ಕೊಟ್ಟರೆ ತನ್ನೊಳಗೆ ಸಾವಿರಾರು ಕಾಲ್ಪನಿಕ ಸಂಶೋಧಕರನ್ನು ಸೃಷ್ಟಿಸಿ, ಪ್ರತಿಯೊಬ್ಬರನ್ನೂ ಒಂದೊಂದು ದಾರಿಯಲ್ಲಿ ದುಡಿಸಿ, ಎಷ್ಟು ಮಂದಿ ದಡ ಸೇರಿದರೆಂದು ಎಣಿಸಿ ಹೇಳುತ್ತಿತ್ತು. ಅದರ ಮಾತು ತಪ್ಪಿದ್ದು ತೀರ ಅಪರೂಪ. ಹಾಗಾಗಿ ಅನುದಾನ ಮಂಡಳಿ ಈಗ ಅದರ ಒಪ್ಪಿಗೆಯಿಲ್ಲದೆ ಯಾರಿಗೂ ಫೆಲೋಶಿಪ್ ಕೊಡುತ್ತಿರಲಿಲ್ಲ.

ಹಂಸವೇಣಿಯ ಪ್ರಶ್ನೆ ಮುದಿಯಾದ ಚಿಪ್‌ಗಳ ಬಗ್ಗೆ. ಬಹಳ ಕಾಲ ದುಡಿದ ಚಿಪ್‌ನೊಳಗಿನ ಸೂಕ್ಷ್ಮ ಸ್ವಿಚ್ಚುಗಳು ಆಗೊಮ್ಮೆ ಈಗೊಮ್ಮೆ ಒಂದರ ಬದಲು ಸೊನ್ನೆ ಎನ್ನತೊಡಗುತ್ತವೆ. ಅದು ಬರೀ ಸವೆತ ಎಂದು ಎಲ್ಲರ ನಂಬಿಕೆ. ಒಂದು ತಪ್ಪಿಗೂ ದೂರದ ಇನ್ನೊಂದು ತಪ್ಪಿಗೂ ನಂಟಿದೆ ಎಂಬುದು ಅವಳ ಗುಮಾನಿ. ಹಿರಿಯೂರಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಾ, ಗುಜರಿಗೆ ಹೊರಟಿದ್ದ ಕಂಪ್ಯೂಟರುಗಳಲ್ಲಿ ಅವಳು ಇದನ್ನು ಗಮನಿಸಿದ್ದಳು.

"ನೂರಕ್ಕೆ ಎರಡು ಅಂದ್ರೆ ಪೂರ್ತಿ ಇಲ್ಲ ಅಂತಲ್ಲವಲ್ಲ ಸರ್?"

"ನಲವತ್ತಕ್ಕಿಂತ ಕಡಿಮೆ ಬಂದ್ರೆ ಮಂಡಳಿ ಒಪ್ಪಲ್ಲಮ್ಮ."

"ಮಂಡಳಿ ಬಿಡಿ. ನಿಮಗೇನನ್ಸುತ್ತೆ?"

"ನನಗೆ ಮಹಾರುದ್ರ ನೆನಪಾಗ್ತಾನೆ," ಎಂದರು ಇಂದುಧರ.

ಮಹಾರುದ್ರ ಅವರ ಜೊತೆಯಲ್ಲೇ ಸಂಶೋಧನೆಗೆ ಸೇರಿದ ಗೆಳೆಯ. ಇಬ್ಬರಲ್ಲಿ ಜಾಣ ಅವನೇ. ಅವನ ಗೈಡ್ ಕೊಟ್ಟ ಸಮಸ್ಯೆಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲವೆಂದು ತಿಳಿಯುವಷ್ಟರಲ್ಲಿ ಯೌವನವೇ ಕಳೆದಿತ್ತು. ಫೆಲೋಶಿಪ್ ನಿಂತಿತು, ಗೊತ್ತಾಗಿದ್ದ ಮದುವೆ ಮುರಿಯಿತು. ಕೊನೆಗೆ ಅವನು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಸ್ಟೆಲಿನ ಕೋಣೆ ಖಾಲಿಯಿತ್ತು. ಮತ್ತೆ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನೊಬ್ಬ ವಿದ್ಯಾರ್ಥಿಗೆ ಹೀಗಾಗಬಾರದೆಂದೇ ಇಂದುಧರ ಮುನ್ನೋಟವನ್ನು ಕಟ್ಟಿದ್ದರು.

"ಇದನ್ನ ಬಿಟ್ಟುಬಿಡು," ಎಂದರು. "ಮೆಮೊರಿಯ ವಿದ್ಯುತ್ ಖರ್ಚು ತಗ್ಗಿಸೋ ವಿಷಯ ಒಂದಿದೆ. ತೊಂಬತ್ತರ ಮೇಲೆ ಬಂದಿದೆ. ನಾಳೆಯೇ ಸೇರಿಕೊಳ್ಳಬಹುದು."

ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. ಮುನ್ನೋಟವನ್ನು ಕೇಳದೆ ಸೇರಿಸಿಕೊಳ್ಳುವ ಲ್ಯಾಬು ರಾಜ್ಯದಲ್ಲಿ ಒಂದೂ ಉಳಿದಿರಲಿಲ್ಲ. "ಆಗಲಿ ಸರ್," ಎಂದಳು.

ಹಂಸವೇಣಿ ಶ್ರದ್ಧೆಯಿಂದ ದುಡಿದಳು. ಯಂತ್ರ ಹೇಳಿದ ತಿಂಗಳಿಗೆ ಹೇಳಿದ ಫಲಿತಾಂಶ ಬಂತು. ಹಾಗೆ ಬಂದಾಗ ಪಕ್ಕದ ಮೇಜಿನವರು ತಲೆಯೆತ್ತುತ್ತಲೂ ಇರಲಿಲ್ಲ; ಅವರವರ ಫಲಿತಾಂಶಗಳೂ ಹಾಗೆಯೇ ಬರುತ್ತಿದ್ದವು. ಲ್ಯಾಬಿನಲ್ಲಿ ಜಗಳವಿರಲಿಲ್ಲ, ಕಣ್ಣೀರಿರಲಿಲ್ಲ. ಮಧ್ಯಾಹ್ನದ ಚಹಾಕ್ಕೆ ಕೂತವರು ಕೆಲಸದ ಮಾತನ್ನೇ ಎತ್ತುತ್ತಿರಲಿಲ್ಲ. ಎತ್ತಿದರೂ ಹೇಳಲು ಏನಿತ್ತು? ಮೌಖಿಕ ಪರೀಕ್ಷೆ ಮುಗಿಸಿ ಹೊರಬಂದ ದಿನ ಇಂದುಧರ ಕೇಳಿದರು: "ಖುಷಿಯಾಯ್ತಾ?"

"ರೈಲು ಸರಿಯಾದ ಟೈಮಿಗೆ ಬಂದ ಹಾಗಾಯ್ತು ಸರ್."

ಅವಳು ನಗುತ್ತಲೇ ಹೇಳಿದ್ದಳು. ಅವರಿಗೆ ಮಾತ್ರ ಊಟ ಸೇರಲಿಲ್ಲ.

ಅವಳು ಅದೇ ಲ್ಯಾಬಿನಲ್ಲಿ ಅಧ್ಯಾಪಕಿಯಾದ ಮೇಲೆ ಇಂದುಧರರಿಗೆ ಇನ್ನೊಂದು ಸಂಗತಿ ಕಾಣತೊಡಗಿತು. ಮುನ್ನೋಟ ಒಪ್ಪುವ ವಿಷಯಗಳು ಒಂದನ್ನೊಂದು ಹೋಲುತ್ತಿದ್ದವು. ಕಾರಣ ಹುಡುಕಲು ಕಷ್ಟವಾಗಲಿಲ್ಲ. ಯಂತ್ರ ಕಲಿತಿದ್ದುದು ಗೆದ್ದವರಿಂದಷ್ಟೇ ಅಲ್ಲ, ಸೋತವರಿಂದಲೂ. ಈಗ ಸೋಲುವವರೇ ಇಲ್ಲ. ಅದರ ಓದಿಗೆ ಬರುವುದೆಲ್ಲ ಅದು ತಾನೇ ಆರಿಸಿದ ಕೆಲಸ. ಬಂಜರು ಯಾವುದು, ಇನ್ನೂ ಉಳುಮೆಯಾಗದ ನೆಲ ಯಾವುದು ಎಂಬ ವ್ಯತ್ಯಾಸ ಅದಕ್ಕೆ ಮರೆತುಹೋಗುತ್ತಿತ್ತು. ಕಾಣದ ದಾರಿಗಳನ್ನೆಲ್ಲ ಅದು ಇಲ್ಲವೆಂದೇ ಹೇಳುತ್ತಿತ್ತು.

ಅವರು ಮಂಡಳಿಗೆ ಹೋದರು. ಹತ್ತರಲ್ಲಿ ಒಂದು ಸಂಶೋಧಕ ಹುದ್ದೆಯನ್ನಾದರೂ ಯಂತ್ರವನ್ನು ಕೇಳದೆ ಕೊಡಿ ಎಂದು ಬೇಡಿಕೊಂಡರು. ಅಧ್ಯಕ್ಷೆ ವೈಶಾಲಿ ಪುರಾಣಿಕ್ ಸಹನೆಯಿಂದ ಕೇಳಿಸಿಕೊಂಡರು.

"ಈ ನಿಮ್ಮ ಯೋಜನೆಯನ್ನ ಮುನ್ನೋಟಕ್ಕೆ ಕೊಟ್ಟು ನೋಡಿದಿರಾ ಡಾಕ್ಟರೇ?"

"ನೋಡಿದೆ."

"ಏನಂತು?"

"ನೂರಕ್ಕೆ ಮೂರು."

ಯಾರೂ ನಗಲಿಲ್ಲ. "ಜನರ ತೆರಿಗೆ ದುಡ್ಡು ಇದು," ಎಂದರು ಪುರಾಣಿಕ್. "ಸೋಲುತ್ತೆ ಅಂತ ಮೊದಲೇ ಗೊತ್ತಿದ್ದೂ ಕೊಟ್ಟರೆ ನಾಳೆ ನಾನು ಯಾರಿಗೆ ಉತ್ತರ ಹೇಳಲಿ? ನಿಮ್ಮ ಮುಖ ನೋಡಿ ಒಂದೇ ಒಂದು ಹುದ್ದೆ ಕೊಡ್ತೀನಿ. ಒಂದೇ."

ಅಷ್ಟಾದರೂ ಸಿಕ್ಕಿತೆಂದು ಇಂದುಧರ ಲ್ಯಾಬಿಗೆ ಮರಳಿದವರೇ ಬಿರಬಿರನೆ ನಡೆದು ಹಂಸವೇಣಿಯ ಕೋಣೆಗೆ ಬಂದರು. ಆ ಹುದ್ದೆಗೆ ಬರುವವರಿಗೆ ನೀನೇ ಗೈಡ್ ಆಗು, ನಿನ್ನ ಮುದಿ ಚಿಪ್‌ಗಳ ಪ್ರಶ್ನೆಯನ್ನೇ ಎತ್ತಿಕೋ ಎಂದರು.

"ಆಗ ಕೊಟ್ಟಿದ್ರೆ ಮಾಡ್ತಿದ್ದೆ ಸರ್. ಹುಚ್ಚಿ ಥರ ಮಾಡ್ತಿದ್ದೆ. ಈಗ..." ಅವಳು ಅಂಗೈಗಳನ್ನು ನೋಡಿಕೊಂಡಳು. "ಮುಂದೇನು ಬರುತ್ತೆ ಅಂತ ಗೊತ್ತಿಲ್ಲದೆ ಒಂದು ದಿನಾನೂ ಕೆಲಸ ಮಾಡಿ ಅಭ್ಯಾಸ ಇಲ್ಲ ನನಗೆ. ಬರೋ ಹುಡುಗರಿಗೆ ಏನಂತ ಧೈರ್ಯ ಹೇಳಲಿ?"

"ನಾನಿದ್ದೀನಲ್ಲ."

"ಮಹಾರುದ್ರ ಅವರ ಕಥೆ ಹೇಳಿ ನನ್ನ ಹೆದರಿಸಿದ್ದು ನೀವೇ ಸರ್. ತಪ್ಪು ಅಂತ ಹೇಳ್ತಿಲ್ಲ. ಆದರೆ ಆ ಹೆದರಿಕೆ ಒಳಗೇ ಉಳಿದುಬಿಟ್ಟಿದೆ."

ಇಂದುಧರ ತಾವೇ ಗೈಡ್ ಆಗುವುದೆಂದು ನಿಶ್ಚಯಿಸಿ ಪ್ರಕಟಣೆ ಕೊಟ್ಟರು. ವಿಚಾರಿಸಿದವರು ಕೆಲವರಿದ್ದರು. ಎಲ್ಲರದೂ ಮೊದಲ ಪ್ರಶ್ನೆ ಒಂದೇ, ಮುನ್ನೋಟದಲ್ಲಿ ಅಂಕ ಎಷ್ಟು ಬಂದಿದೆ? ಅಂಕ ತೆಗೆದಿಲ್ಲ ಎಂದರೆ ವಂದನೆ ಹೇಳಿ ಫೋನ್ ಇಡುತ್ತಿದ್ದರು. ಒಬ್ಬ ಹುಡುಗ ಬಂದು ಲ್ಯಾಬನ್ನೆಲ್ಲ ಸುತ್ತಿ ನೋಡಿದ. ಅವನ ಕಣ್ಣಲ್ಲಿ ಆಸೆಯಿತ್ತು. ಮಾರನೆಯ ದಿನ ಮನೆಯವರು ಒಪ್ಪುತ್ತಿಲ್ಲವೆಂದು ತಿಳಿಸಿದ.

ಗಡುವು ಮುಗಿಯುವ ಸಂಜೆ ಆ ಹುಡುಗನ ತಂದೆಯೇ ಫೋನ್ ಮಾಡಿದರು. ಒರಟು ಮನುಷ್ಯರಲ್ಲ, ದನಿ ತುಂಬ ಮೆತ್ತಗಿತ್ತು.

"ತಪ್ಪು ತಿಳೀಬೇಡಿ ಸರ್. ಇರೋನು ಒಬ್ಬನೇ ಮಗ. ಯಾವುದು ತಗೊಂಡ್ರೆ ಖಂಡಿತ ಕೈಹಿಡಿಯುತ್ತೆ, ಅದೊಂದು ಹೇಳಿಬಿಡಿ. ಅದಕ್ಕೇ ಸೇರಿಸ್ತೀನಿ."

ಇಂದುಧರ ಮುನ್ನೋಟ ಒಪ್ಪಿದ್ದ ಒಂದು ವಿಷಯದ ಹೆಸರು ಹೇಳಿದರು. ಆ ತಂದೆ ಮತ್ತೆ ಮತ್ತೆ ಕೃತಜ್ಞತೆ ಹೇಳಿದರು. ಮಂಡಳಿ ಕೊಟ್ಟಿದ್ದ ಒಂದೇ ಹುದ್ದೆ ಆ ಸಂಜೆ ರದ್ದಾಯಿತು.

ಇಂದುಧರ ದೀಪ ಹಾಕದೆ ಕುಳಿತೇ ಇದ್ದರು. ಆ ಮೆತ್ತಗಿನ ದನಿ ಅವರಿಗೆ ಹೊಸದಾಗಿರಲಿಲ್ಲ. ೨೦೨೬ರಲ್ಲಿ, ಪಿಯುಸಿ ಮುಗಿಸಿದ ಅವರು ದಾವಣಗೆರೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಆನ್‌ಲೈನಿನಲ್ಲಿ ಕಾಲೇಜಿನ ಸೀಟು ಆರಿಸಲು ಹೋಗಿದ್ದಾಗ, ಅಂಗಡಿಯ ಮುಂದಿನ ನೆರಳಲ್ಲಿ ಹತ್ತಾರು ತಂದೆ ತಾಯಿಯರು ನಿಂತಿದ್ದರು. ಯಾವುದು ತಗೊಂಡ್ರೆ ಖಂಡಿತ ಕೈಹಿಡಿಯುತ್ತೆ ಎಂದು ಗುರುತಿಲ್ಲದವರನ್ನೂ ನಿಲ್ಲಿಸಿ ಕೇಳುತ್ತಿದ್ದರು. ಇಂದುಧರರ ಅಪ್ಪನೂ ಕೇಳಿದ್ದರು. ಅಂದು ಉತ್ತರ ಯಾರಿಗೂ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದಿರುವುದೂ ಒಂದು ಭಾಗ್ಯವೆಂದು ಆ ನೆರಳಿನಲ್ಲಿ ನಿಂತ ಒಬ್ಬರಿಗೂ ಅನಿಸಿರಲಿಲ್ಲ.