ಬೆನ್ನ ಕಡೆ ಬಾಯಿರುವ ಚೀಲ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಮೂರು ಬೆಟ್ಟಗಳ ಈಚೆಗೆ ಬೆಳಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಒಂದು ರೂಢಿ. ದಾರಿಯಲ್ಲಿ ಹೊರೆ ಹೊತ್ತವರು ಎದುರಾದರೆ ಬರಿಗೈಯವರು ನಿಂತು, “ಹೊರೆ ಇಳಿಸಲಾ?” ಎಂದು ಕೇಳಬೇಕು. ಹೊತ್ತವರು “ಹ್ಞೂಂ” ಎನ್ನಬೇಕು. ಇಬ್ಬರೂ ಸೇರಿ ಹೊರೆ ಇಳಿಸಿ, ನಾಲ್ಕು ಮಾತಾಡಿ, ಮತ್ತೆ ಇಬ್ಬರೂ ಸೇರಿ ಎತ್ತಬೇಕು. ಬೇಡ ಎನ್ನುವವರು ಇರಲಿಲ್ಲ. ಬೇಡ ಎಂದರೆ ಸೊಕ್ಕಿನವರು ಎನ್ನುತ್ತಿದ್ದರು.

ಆ ರಾಜ್ಯದಲ್ಲಿ ಮಾಚಲೆ ಎಂಬ ಹೆಣ್ಣುಮಗಳಿದ್ದಳು. ಅವಳಿಗೆ ಇದ್ದವಳು ಒಬ್ಬಳೇ ಅಕ್ಕ, ಕೇತಲೆ. ತಾಯಿ ತೀರಿದ ಮೇಲೆ ತಂಗಿಯನ್ನು ಎತ್ತಿ ಬೆಳೆಸಿದವಳು ಅವಳೇ. ಕೇತಲೆ ಬಳೆಗಾರ್ತಿ. ಬಳೆಗಳ ಮಲಾರವನ್ನು ಬೆನ್ನಿಗೆ ಹಾಕಿಕೊಂಡು ಊರೂರು ತಿರುಗಿ ಬಳೆ ತೊಡಿಸಿ ಬರುತ್ತಿದ್ದಳು. ಒಂದು ದಿನ ಮೂರನೆಯ ಬೆಟ್ಟದ ಕಡೆ ಹೋದವಳು ಹಿಂದಿರುಗಲಿಲ್ಲ.

ಅಕ್ಕ ಬಾರದೆ ಹೋದದ್ದು ಒಂದು ದುಃಖ. ಅದಕ್ಕಿಂತ ದೊಡ್ಡದು ಇನ್ನೊಂದು. ಅಕ್ಕನ ಮುಖ ಯಾರಿಗೂ ನೆನಪಾಗದೆ ಹೋಯಿತು. ದನಿ ನೆನಪಿತ್ತು. ಬಲಗೈ ಹೆಬ್ಬೆರಳಿನ ಸುಟ್ಟ ಕಲೆ ನೆನಪಿತ್ತು. ಸೆರಗಿನ ಅರಗಿನ ವಾಸನೆ ನೆನಪಿತ್ತು. ಮುಖವಿರಬೇಕಾದ ಕಡೆ ಮಾತ್ರ ಸುಣ್ಣ ಬಳಿದ ಗೋಡೆಯಂಥ ಬಿಳುಪು. ಅಕ್ಕ ಒರಗಿ ಕೂರುತ್ತಿದ್ದ ಗೋಡೆಯಲ್ಲಿ ತಲೆಯೆಣ್ಣೆಯ ಜಿಡ್ಡಿನ ಕಲೆ ಉಳಿದಿತ್ತು. ಮಾಚಲೆ ಅದರ ಮುಂದೆ ಕೂತು, ಇಲ್ಲಿ ಹಣೆ, ಇಲ್ಲಿ ಮೂಗು, ಇಲ್ಲಿ ಗಲ್ಲ ಎಂದು ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಬೆರಳಿಗೆ ಏನೂ ಸಿಗುತ್ತಿರಲಿಲ್ಲ.

ಆ ಮೂರು ಬೆಟ್ಟಗಳಿಗೆ ಒಂದು ಕಟ್ಟಳೆಯಿತ್ತು. ಯಾರ ಮುಖ ಊರಿನಲ್ಲಿ ಕೂತ ಒಬ್ಬರಿಗಾದರೂ ನೆನಪಿದೆಯೋ ಅವರಿಗೇ ಊರಿನ ದಾರಿ ಕಾಣುವುದು. ಮುಖ ಮರೆತುಹೋದವರು ಎಷ್ಟು ನಡೆದರೂ ದಾರಿ ಅವರನ್ನು ಹೊರಟಲ್ಲಿಗೇ ತಿರುಗಿಸಿ ತಂದುಬಿಡುವುದು.

“ಹಾಗಾದರೆ ಮುಖವನ್ನೇ ತರುತ್ತೇನೆ,” ಎಂದಳು ಮಾಚಲೆ.

ಅಕ್ಕ ಬಿಟ್ಟುಹೋದ ಬಳೆಚೂರುಗಳನ್ನು ಕರಗಿಸಿದಳು, ಗಾಜಿನ ಬಿಲ್ಲೆ ಎರೆದಳು, ಮರಳಿನಲ್ಲಿ ಉಜ್ಜಿದಳು. ಕಲಿಸುವವರು ಯಾರೂ ಇರಲಿಲ್ಲ. ನೂರು ಬಿಲ್ಲೆ ಕೆಟ್ಟ ಮೇಲೆ ಎರಡು ಸರಿಯಾದವು. ಒಂದು ಹತ್ತಿರದ ಕಣ್ಣು, ಅದು ಒಬ್ಬರ ಮುಖವನ್ನು ತುಂಬಿಕೊಳ್ಳುವುದು. ಇನ್ನೊಂದು ಹರವಿನ ಕಣ್ಣು, ಅದು ಒಂದು ಊರನ್ನೇ ತುಂಬಿಕೊಳ್ಳುವುದು. ಅವುಗಳಿಗೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬೆಳ್ಳಿ ಬಳಿದ ಒಂದು ಗಾಜಿನ ಹಲಗೆ ಇಟ್ಟರೆ ಎದುರಿಗಿದ್ದದ್ದು ಅದರ ಮೇಲೆ ಮೂಡಿ ನಿಲ್ಲುತ್ತಿತ್ತು. ಅದಕ್ಕೆ ಬಿಂಬಪೆಟ್ಟಿಗೆ ಎಂದು ಹೆಸರಿಟ್ಟಳು.

“ಗಾಜು ಉಜ್ಜಿ ಉಜ್ಜಿ ಇವಳ ತಲೆಯೂ ಸವೆದಿದೆ,” ಎಂದರು ನೆರೆಯವರು.

“ಸವೆದರೆ ಹೊಳಪು ಬರುತ್ತೆ, ಬಿಡಿ,” ಎಂದಳು ಮಾಚಲೆ.

ಮೊದಲ ಸಲ ಬಿಂಬಪೆಟ್ಟಿಗೆಯನ್ನು ಸೀರೆಯಲ್ಲಿ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಮೊದಲ ಬೆಟ್ಟದ ಜಾರುಕಲ್ಲಿನಲ್ಲಿ ಕಾಲು ತಪ್ಪಿತು. ಗಂಟಿನೊಳಗೆ ಒಂದಕ್ಕೊಂದು ತಾಗಿ ಎರಡು ಕಣ್ಣೂ ಒಡೆದವು. ಮನೆಗೆ ಬಂದು ಮತ್ತೆ ಒಂದು ವರ್ಷ ಗಾಜು ಉಜ್ಜಿದಳು.

ಎರಡನೆಯ ಸಲ ದೊರೆಯೇ ಕರೆಸಿದ. “ನಮ್ಮ ಬೊಕ್ಕಸದ ಕಬ್ಬಿಣದ ಪೆಟ್ಟಿಗೆ ತೆಗೆದುಕೊಂಡು ಹೋಗಮ್ಮ. ಆನೆ ತುಳಿದರೂ ಜಗ್ಗದು,” ಎಂದ. ನಿಜವೇ, ಅದು ಜಗ್ಗಲಿಲ್ಲ. ಮಾಚಲೆಯ ಹೆಗಲು ಜಗ್ಗಿತು. ಎರಡನೆಯ ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಚರ್ಮ ಸುಲಿದು ರವಿಕೆ ಅಂಟಿಕೊಂಡಿತ್ತು.

ಅಲ್ಲಿ ಒಬ್ಬ ಬಿಳಿಗಡ್ಡದ ಮುದುಕ ಎದುರಾದ. “ಅಯ್ಯೋ ಮಗಳೇ, ಹೊರೆ ಇಳಿಸಲಾ?” ಎಂದ.

ಹ್ಞೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನಿಂದ ಬಂದ ಉಪ್ಪಿನ ವ್ಯಾಪಾರಿಯೊಬ್ಬ, “ಮೊದಲು ನನ್ನದು ಇಳಿಸಪ್ಪ, ಪುಣ್ಯ ಬರುತ್ತೆ. ಹ್ಞೂಂ, ಹ್ಞೂಂ!” ಎಂದ. ಮುದುಕ ಉಪ್ಪಿನ ಮೂಟೆಗೆ ಕೈಹಾಕಿದ. ಅದೇ ಗಳಿಗೆಯಲ್ಲಿ ವ್ಯಾಪಾರಿಯ ಮುಖ ತೊಳೆದ ಬೋಗುಣಿಯ ತಳದ ಹಾಗೆ ನುಣ್ಣಗಾಯಿತು. ಕಣ್ಣಿಲ್ಲ, ಮೂಗಿಲ್ಲ. ಅವನು ಸುಮ್ಮನೆ ತಿರುಗಿ ಮೂರನೆಯ ಬೆಟ್ಟದ ಕಡೆ ನಡೆದ. ಮಾಚಲೆ ಗಾಜಿನ ಕಣ್ಣು ತೆಗೆದು ಅವನತ್ತ ನೋಡಿದಳು. ಬರಿಗಣ್ಣಿಗೆ ಕಾಣದ ಮುಖ ಗಾಜಿಗೆ ಕಂಡಿತು. ಅಳುತ್ತಿತ್ತು.

ಆಗ ಅವಳಿಗೆ ತಿಳಿಯಿತು. ಆ ಮುದುಕ ಮರೆಗಣ್ಣ ಎಂಬ ಮಾಂತ್ರಿಕ. ಅವನು ಯಾರ ಹೊರೆಯನ್ನೂ ಕಿತ್ತುಕೊಳ್ಳುವುದಿಲ್ಲ. ಕೇಳುತ್ತಾನೆ. ಹ್ಞೂಂ ಎಂದವರ ಹೊರೆಯ ಜೊತೆ ಮುಖವನ್ನೂ ಇಳಿಸಿಕೊಳ್ಳುತ್ತಾನೆ. ಅಕ್ಕನೂ ಮರ್ಯಾದೆಗೆ ಹ್ಞೂಂ ಎಂದಿದ್ದಳು, ಅಷ್ಟೇ. ಮಾಚಲೆ ಕಬ್ಬಿಣದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಬಿಂಬಪೆಟ್ಟಿಗೆಯನ್ನಷ್ಟೇ ಅವಚಿಕೊಂಡು ಬಂದ ದಾರಿಯಲ್ಲೇ ಓಡಿದಳು. ಊರಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. “ಹೊರೆ ಇಳಿಸೋರನ್ನೂ ದೂರುತ್ತಾಳಲ್ಲ!” ಎಂದರು.

ಮೂರನೆಯ ಸಲಕ್ಕೆ ಮಾಚಲೆ ಚೀಲ ಹುಡುಕಿಕೊಂಡು ಹೊರಟಳು. ಪೇಟೆಯಲ್ಲಿ ಮಖಮಲ್ಲಿನ ಚೀಲ ತೋರಿಸಿದರು. ಜರಿಯ ಅಂಚು, ಬೆಳ್ಳಿಯ ಕೊಂಡಿ. ಕೊಂಡಿ ಹೊರಗೆ ಮಿನುಗುತ್ತಿತ್ತು, ಬಾ ಬಾ ಎಂದು ಕರೆಯುವಂತೆ. ಅವಳು ಮುಟ್ಟಲೂ ಇಲ್ಲ. ಕೊನೆಗೆ ಊರಾಚೆ ಕತ್ತೆ ಎತ್ತುಗಳ ಬೆನ್ನಿಗೆ ಹಾಕುವ ತಡಿ ಹೊಲಿಯುತ್ತಿದ್ದ ಬೊಮ್ಮೋಜನ ಗುಡಿಸಲಿಗೆ ಹೋದಳು.

“ನಾನು ಹೊಲಿಯೋದು ಕತ್ತೆಗೆ, ತಾಯಿ. ಮನುಷ್ಯರಿಗಲ್ಲ,” ಎಂದ ಬೊಮ್ಮೋಜ.

“ಎರಡು ಸಲ ಹೋಗಿ ಬರಿಗೈಲಿ ಬಂದಿದ್ದೀನಿ ಅಜ್ಜ. ನನ್ನನ್ನೂ ಕತ್ತೆ ಅಂದುಕೊಂಡೇ ಹೊಲಿ.”

“ಕತ್ತೆ ಇಷ್ಟು ಮಾತಾಡಲ್ಲ.”

ಮಾಚಲೆ ಬಿಂಬಪೆಟ್ಟಿಗೆಯನ್ನು ಅವನ ಮುಂದಿಟ್ಟಳು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. “ಪೆಟ್ಟಿಗೆ ಆಮೇಲೆ. ಮೊದಲು ಬೆನ್ನು ತಿರುಗಿಸು. ಹೊರೋದು ಯಾವುದು, ಪೆಟ್ಟಿಗೆಯೋ ಬೆನ್ನೋ?”

ಅವಳು ಎಲ್ಲವನ್ನೂ ಹೇಳಿದಳು. ಜಾರುಕಲ್ಲು, ಕಬ್ಬಿಣ, ಬಿಳಿಗಡ್ಡ, ನಾಲಿಗೆಯ ತುದಿಗೆ ಬಂದಿದ್ದ ಹ್ಞೂಂ. ಬೊಮ್ಮೋಜ ಸೂಜಿ ಕೆಳಗಿಟ್ಟ.

“ನೋಯೋ ಹೊರೆಯನ್ನ ಯಾರು ಕೇಳಿದರೂ ಕೊಟ್ಟುಬಿಡ್ತೀವಿ ತಾಯಿ. ಅವನು ಕಾಯೋದು ಆ ನೋವಿಗೇ. ನಿನಗೆ ಬೇಕಾದ್ದು ಗಟ್ಟಿ ಚೀಲ ಅಲ್ಲ. ಇಳಿಸಬೇಕು ಅಂತ ಅನ್ನಿಸದ ಚೀಲ.”

ಅವನು ಕತ್ತಿನಿಂದ ಸೊಂಟದವರೆಗೆ ದಾರ ಹಿಡಿದು ಅಳೆದ. ಒಂದು ಚೀಲ ಹೊಲಿದು, ಅದರ ಬೆನ್ನ ಬದಿಗೆ ಇದ್ದಿಲ ಪುಡಿ ಸವರಿ, ಒಳಗೆ ಮರಳು ತುಂಬಿ, “ಕೆರೆ ಸುತ್ತಿ ಬಾ,” ಎಂದ. ಬಂದ ಮೇಲೆ ಅವಳ ಬೆನ್ನಿನ ಬಟ್ಟೆಯ ಮೇಲೆ ಎಲ್ಲಿ ಕಪ್ಪು ಹತ್ತಿದೆ ನೋಡಿದ. ಅಲ್ಲಿ ಬಿಚ್ಚಿ ಬೂರುಗದ ಹತ್ತಿ ತುಂಬಿದ. ಮತ್ತೆ ಕಳಿಸಿದ. ಮತ್ತೆ ಬಿಚ್ಚಿದ. ಕತ್ತೆಗಾದರೆ ಮೂರು ಸಲ ಸಾಕಾಗುತ್ತಿತ್ತಂತೆ, ಮಾಚಲೆಗೆ ಒಂಬತ್ತು ಸಲವಾಯಿತು. ಹೆಗಲಿಗೆ ಅಂಗೈಯಗಲದ ಪಟ್ಟಿ, ಸೊಂಟಕ್ಕೆ ಇನ್ನೂ ಅಗಲದ ಪಟ್ಟಿ. ಭಾರವೆಲ್ಲ ಸೊಂಟಕ್ಕೆ ಬಂದು ಕೂತಿತು. ಒಳಗೆ ಕಂಬಳಿಯ ಗೋಡೆಗಳು, ಹತ್ತಿರದ ಕಣ್ಣಿಗೊಂದು ಕೋಣೆ, ಹರವಿನ ಕಣ್ಣಿಗೊಂದು, ಹಲಗೆಗೊಂದು. ಒಂದು ಇನ್ನೊಂದನ್ನು ಮುಟ್ಟದು. ಮೇಲೆ ಜೇನುಮೇಣ ತಿಕ್ಕಿದ ದಪ್ಪ ಬಟ್ಟೆ.

ಮಾಚಲೆ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಜ್ಜ, ಬಾಯಿ ಇಡೋದು ಮರೆತಿದ್ದೀಯ.”

“ಬೆನ್ನಿಗೆ ತಾಗೋ ಕಡೆ ನೋಡು. ಅಲ್ಲಿದೆ ಬಾಯಿ. ನೀನಾಗಿ ಇಳಿಸದೆ ಯಾವನೂ ತೆರೆಯಲಾರ.”

“ನೋಡೋಕೆ ಮಾತ್ರ ಚೆಂದ ಇಲ್ಲ.”

“ಚೆಂದ ಇದ್ದರೆ ಕಳ್ಳನಿಗೂ ಚೆಂದ ಕಾಣುತ್ತೆ. ಹೋಗಿ ಬಾ. ಬಂದ ಮೇಲೆ ಎಲ್ಲಿ ಉಜ್ಜಿತು ಅಂತ ಹೇಳು, ಅಷ್ಟು ಸಾಕು.”

ಮಾಚಲೆ ಮೂರನೆಯ ಸಲ ಹೊರಟಳು.

ಮೊದಲ ಬೆಟ್ಟದಲ್ಲಿ ಮೋಡದ ಕೋಣ ಅಡ್ಡ ನಿಂತಿತು. ಅದರ ಕೊಂಬಿನಿಂದ ಮಳೆ ಸುರಿಯುತ್ತಿತ್ತು. “ಒದ್ದೆಯಾದೀತು, ಹೊರೆ ಇಳಿಸಲಾ?” ಎಂದಿತು. “ಬೇಡ, ನನ್ನ ಹೊರೆ ನನಗಿರಲಿ,” ಎಂದಳು ಮಾಚಲೆ. ನೀರು ಮೇಣದ ಮೇಲೆ ಮಣಿಮಣಿಯಾಗಿ ಉರುಳಿಹೋಯಿತು. ಜಾರುಕಲ್ಲಿನಲ್ಲಿ ಈ ಸಲವೂ ಕಾಲು ತಪ್ಪಿತು, ಆದರೆ ಕೋಣೆಯೊಳಗಿನ ಕಣ್ಣುಗಳು ಮಿಸುಕಲಿಲ್ಲ.

ಎರಡನೆಯ ಬೆಟ್ಟದಲ್ಲಿ ನೀಳಗೈ ಮಂಗಗಳು ಹಿಂದಿನಿಂದ ಬಂದವು. “ಹೊರೆ ಇಳಿಸಲಾ? ಹೊರೆ ಇಳಿಸಲಾ?” ಎನ್ನುತ್ತ ಬೆನ್ನೆಲ್ಲ ತಡಕಾಡಿದವು. “ಬೇಡ, ನನ್ನ ಹೊರೆ ನನಗಿರಲಿ,” ಎಂದಳು ಮಾಚಲೆ. ನಲವತ್ತು ಕೈಗಳು ಬಾಯಿ ಹುಡುಕಿದವು. ಒಂದಕ್ಕೂ ಸಿಗಲಿಲ್ಲ. “ಇದು ಬಾಯಿಲ್ಲದ ಚೀಲ ಕಣ್ರೋ, ಕುಂಬಳಕಾಯಿ ಇರಬೇಕು,” ಎಂದು ಬೈದುಕೊಂಡು ಮರ ಹತ್ತಿದವು.

ಮೂರನೆಯ ಬೆಟ್ಟದ ನೆತ್ತಿಯಲ್ಲಿ ಯಾರೂ ಇರಲಿಲ್ಲ. ಒಂದು ದನಿ ಮಾತ್ರ ಇತ್ತು.

“ಮಾಚೀ, ಹೊರೆ ಇಳಿಸಲಾ?”

ಅಕ್ಕನ ದನಿ. ಅದೇ ಎಳೆತ, ಅದೇ ಸಲಿಗೆ. ಮಾಚಲೆ ಅಲ್ಲೇ ನಿಂತಳು. ಬೆನ್ನು ಒಂದಿಷ್ಟು ನೋಯುತ್ತಿದ್ದರೂ ಸಾಕಿತ್ತು, ಅವಳು ಹ್ಞೂಂ ಎಂದುಬಿಡುತ್ತಿದ್ದಳು. ಬೆನ್ನು ನೋಯುತ್ತಿರಲಿಲ್ಲ. ಅದಕ್ಕೇ ಯೋಚಿಸಲು ಉಸಿರು ಉಳಿದಿತ್ತು. ಅಕ್ಕನಿಗೆ ಊರಿನ ದಾರಿಯೇ ಕಾಣದು. ಈಚೆ ನಿಂತು ಕರೆಯುವವಳು ಅಕ್ಕ ಹೇಗಾದಾಳು?

“ನನ್ನ ಬೆನ್ನು ನೋಯ್ತಿಲ್ಲ,” ಎಂದಳು. “ನೋಯೋದು ಬೇರೆ ಕಡೆ.”

ದನಿ ಬದಲಾಯಿತು. ಬಂಡೆಯ ಹಿಂದಿನಿಂದ ಬಿಳಿಗಡ್ಡದ ಮರೆಗಣ್ಣ ಬಂದ. “ಅದನ್ನೂ ಇಳಿಸ್ತೀನಿ ಮಗಳೇ. ಅಕ್ಕ ಅಂತ ಒಬ್ಬಳಿದ್ದಳು ಅನ್ನೋದೇ ನೆನಪಿರಲ್ಲ. ಗೋಡೆಯ ಕಲೆ ಬರೀ ಕಲೆ ಆಗುತ್ತೆ. ಹತ್ತಿಯ ಹಾಗೆ ಹಗುರಾಗ್ತೀಯ. ಹ್ಞೂಂ ಅನ್ನು.”

ಮಾಚಲೆ ಆ ಕಲೆಯ ಮುಂದೆ ಕೂತ ಸಂಜೆಗಳನ್ನೆಲ್ಲ ನೆನೆದಳು. ಒಂದನ್ನೂ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

“ಅದನ್ನ ಹೊತ್ತುಕೊಂಡೇ ನಾನು ಇಷ್ಟು ದೂರ ಬಂದದ್ದು,” ಎಂದಳು. “ಬೇಡ. ನನ್ನ ಹೊರೆ ನನಗಿರಲಿ.”

ಕೋಣ, ಮಂಗಗಳು, ಅಕ್ಕನ ದನಿ, ಎಲ್ಲವೂ ಮರೆಗಣ್ಣನ ಮಂತ್ರದವೇ. ಒಂದೇ ಬಾಯಿಂದ ಮೂರು ಸಲ ಬೇಡ ಎಂಬುದನ್ನು ಆ ಮಂತ್ರ ಯಾವತ್ತೂ ಕೇಳಿರಲಿಲ್ಲ. ಅವನು ಇಳಿಸಿಕೊಂಡಿದ್ದ ಹೊರೆಗಳೆಲ್ಲ, ಉಪ್ಪಿನ ಮೂಟೆ, ಬಳೆಯ ಮಲಾರ, ಬೆಲ್ಲದ ಹೆಡಿಗೆ, ಒಂದೊಂದಾಗಿ ಬಂದು ಅವನ ಹೆಗಲ ಮೇಲೆ ಕೂತವು. ಅವನು ಹುಟ್ಟಿದಾಗಿನಿಂದ ಒಂದು ಹೊರೆಯನ್ನೂ ಹೊತ್ತವನಲ್ಲ. ಮಂಡಿಯೂರಿದ, ಬಾಗಿದ, ಕರಿಕಲ್ಲಾಗಿ ದಾರಿಯ ಬದಿಯಲ್ಲಿ ನಿಂತುಬಿಟ್ಟ.

ಬೆಟ್ಟದ ಆಚೆ ಕಲ್ಲುಗಣಿಯಿತ್ತು. ಮುಖವಿಲ್ಲದ ನೂರಾರು ಜನ ಅಲ್ಲಿ ಕಲ್ಲು ಹೊರುತ್ತಿದ್ದರು. ಮರೆಗಣ್ಣ ಕಲ್ಲಾದರೂ ಅವನು ಅಳಿಸಿದ್ದು ಅಳಿಸಿಯೇ ಇತ್ತು. ಮಾಚಲೆ ಒಬ್ಬೊಬ್ಬರ ಕೈಯನ್ನೂ ನೋಡುತ್ತ ಹೋದಳು. ಒಂದು ಹೆಬ್ಬೆರಳಿನಲ್ಲಿ ಸುಟ್ಟ ಕಲೆ ಇತ್ತು.

“ಅಕ್ಕಾ.”

“ಮಾಚಿ? ಇಷ್ಟುದ್ದ ಆಗಿದ್ದೀಯಲ್ಲೇ!” ಎಂದಿತು ಮುಖವಿಲ್ಲದ ಆ ಬಿಳುಪು.

ಇಬ್ಬರೂ ತಬ್ಬಿಕೊಂಡು ಅತ್ತರು. ಆಮೇಲೆ ಮಾಚಲೆ ಚೀಲ ತೆರೆದು ಪೆಟ್ಟಿಗೆಗೆ ಹತ್ತಿರದ ಕಣ್ಣು ಹಾಕಿದಳು. ಪೆಟ್ಟಿಗೆಯ ಹಿಂದಿನ ಮಸುಕು ಗಾಜಿನಲ್ಲಿ ಲೋಕ ತಲೆಕೆಳಗಾಗಿ ಮೂಡುತ್ತಿತ್ತು. ಅಲ್ಲಿ, ತಲೆಕೆಳಗಾಗಿ, ಅಕ್ಕ ಇದ್ದಳು. ಅಗಲ ಹಣೆ. ಒಂದರ ಮೇಲೊಂದು ಹತ್ತಿದ ಮುಂದಿನ ಹಲ್ಲು. ನಗುವಾಗ ಸಣ್ಣದಾಗುವ ಎಡಗಣ್ಣು. ಮಾಚಲೆ ತಲೆಯನ್ನು ಭುಜಕ್ಕೆ ವಾಲಿಸಿ ನೋಡಿದಳು, ನೋಡಿದಷ್ಟೂ ಸಾಲಲಿಲ್ಲ. ಗಾಜಿನಿಂದ ದೃಷ್ಟಿ ಸರಿಸಿದ ಗಳಿಗೆಯೇ ಮುಖ ಮತ್ತೆ ಅಳಿಸಿಹೋಯಿತು.

ಅವಳ ಹತ್ತಿರ ಇದ್ದದ್ದು ಒಂದೇ ಹಲಗೆ. ಅದನ್ನು ಪೆಟ್ಟಿಗೆಗೆ ಇಡುವಾಗ ಉಪ್ಪಿನ ವ್ಯಾಪಾರಿ ಪಕ್ಕಕ್ಕೆ ಬಂದು ನಿಂತ. “ತಾಯಿ, ನಮ್ಮ ಮನೇಲಿ ನನ್ನ ಮುಖ ಯಾರಿಗಾದರೂ ನೆನಪಿದೆಯಾ?”

ಮಾಚಲೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹರವಿನ ಕಣ್ಣಿನಲ್ಲಿ ತೆಗೆದರೆ ಒಂದೊಂದು ಮುಖ ಅಕ್ಕಿಕಾಳಿನಷ್ಟು. ಅಷ್ಟರಲ್ಲಿ ಅಕ್ಕನ ಗುರುತು ಉಳಿದೀತೋ ಇಲ್ಲವೋ. ಅವಳು ಅಕ್ಕನ ಕಡೆ ನೋಡಿದಳು.

“ಎಲ್ಲರನ್ನೂ ಕರಿಯೇ,” ಎಂದಳು ಅಕ್ಕ. “ನಾನು ಮುಂದೆ ಕೂರ್ತೀನಿ.”

ಮಾಚಲೆ ಹತ್ತಿರದ ಕಣ್ಣು ತೆಗೆದು ಹರವಿನ ಕಣ್ಣು ಹಾಕಿದಳು. ನೂರಾರು ಜನ ಒತ್ತೊತ್ತಾಗಿ ನಿಂತರು. ಹಲಗೆಯ ಮೇಲೆ ಎಲ್ಲರೂ ಮೂಡಿದರು.

ಅಕ್ಕ ಮೊದಲ ತಿರುವಿನವರೆಗೆ ಜೊತೆಗೆ ಬಂದಳು. ಅಲ್ಲಿಂದ ದಾರಿ ಅವಳನ್ನು ಹಿಂದಕ್ಕೆ ತಿರುಗಿಸಿತು. ದೂರದಿಂದ ಕೂಗಿ ಹೇಳಿದಳು: “ಹುಷಾರಾಗಿ ಹೊತ್ತುಕೊಂಡು ಹೋಗೇ. ಅದರಲ್ಲಿ ನಾನಿದ್ದೀನಿ!”

ಮಾಚಲೆ ಮೂರು ಬೆಟ್ಟ ಇಳಿದಳು. ಹಲಗೆಗೆ ಒಂದು ಗೀರೂ ಬೀಳಲಿಲ್ಲ. ಬೆಳಗಿರಿಯ ಪೇಟೆಯ ನಡುವೆ ಅದನ್ನು ನಿಲ್ಲಿಸಿ, ಹತ್ತಿರದ ಕಣ್ಣನ್ನು ಅದರ ಮೇಲೆ ಹಿಡಿದಳು. ಅಕ್ಕಿಕಾಳುಗಳು ಒಂದೊಂದಾಗಿ ಮುಖಗಳಾದವು. “ಅಗೋ, ನಮ್ಮ ಮಾವ!” “ಇವನೇ, ಇವನೇ ನಮ್ಮೆಜಮಾನ, ಆ ಮೂಗು ನೋಡಿ!” ದೊರೆಯೂ ಬಗ್ಗಿ ತನ್ನ ಕಳೆದುಹೋದ ತಮ್ಮನನ್ನು ಹುಡುಕಿಕೊಂಡ. ಮುಂದಿನ ಸಾಲಿನ ಒಂದು ಕಾಳಿನಲ್ಲಿ ಮಾಚಲೆಗೆ ಅಗಲ ಹಣೆಯೊಂದು ಕಂಡಿತು, ಅದು ಅಕ್ಕನದೇ ಇರಬೇಕು ಎಂದುಕೊಂಡಳು. ಒಂದೊಂದು ಗುರುತು ಸಿಕ್ಕಾಗಲೂ ಬೆಟ್ಟದಾಚೆ ಒಬ್ಬೊಬ್ಬರಿಗೆ ದಾರಿ ಕಂಡಿತು.

ಬೊಮ್ಮೋಜ ಬಂದು ಕೇಳಿದ. “ಎಲ್ಲಿ ಉಜ್ಜಿತು?”

“ಎಲ್ಲೂ ಇಲ್ಲ ಅಜ್ಜ.”

“ಸುಳ್ಳು ಹೇಳಬೇಡ.”

“ಎಡಹೆಗಲ ಕೆಳಗೆ. ಒಂದು ಚೂರು.”

“ಹಾಗನ್ನು,” ಎಂದ ಬೊಮ್ಮೋಜ, ನೆಮ್ಮದಿಯಿಂದ.

ಮಾಚಲೆ ಊರಬಾಗಿಲಿಗೆ ಹೋಗಿ ನಿಂತಳು. ಅಕ್ಕ ಬರದಿದ್ದರೆ ಮತ್ತೆ ಹೊರಡಲೆಂದು ಚೀಲ ಬೆನ್ನಿಗೇ ಇತ್ತು. ಉಪ್ಪಿನ ವ್ಯಾಪಾರಿ ಬಂದ. ದೊರೆಯ ತಮ್ಮ ಬಂದ. ಬಂದವರನ್ನೆಲ್ಲ ಮನೆಯವರು ಕರೆದುಕೊಂಡು ಹೋದರು. ಬಿಸಿಲು ಇಳಿಯಿತು. ಕೊನೆಗೆ ತಿರುವಿನಲ್ಲಿ ಒಬ್ಬಳು ಹೆಂಗಸು ಕಾಣಿಸಿದಳು. ಅಗಲ ಹಣೆ. ಹತ್ತಿದ ಹಲ್ಲು. ಹತ್ತಿರ ಬಂದು, ಸೊಂಟಕ್ಕೆ ಕೈಕೊಟ್ಟು ನಿಂತು, ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಡಗಣ್ಣು ಸಣ್ಣದಾಯಿತು.

“ಇನ್ನೂ ಹೊತ್ತುಕೊಂಡೇ ನಿಂತಿದ್ದೀಯಲ್ಲೇ, ಹುಚ್ಚಿ. ಹೊರೆ ಇಳಿಸಲಾ?”

“ಹ್ಞೂಂ,” ಎಂದಳು ಮಾಚಲೆ.

ಅಂದಿನಿಂದ ಬೆಳಗಿರಿಯಲ್ಲಿ ಯಾರ ಮುಖವೂ ಕಳೆಯಲಿಲ್ಲ. ಮೂರನೆಯ ಬೆಟ್ಟದ ಆ ಕರಿಕಲ್ಲು ಈಗಲೂ ಇದೆ, ಎದೆಯೆತ್ತರಕ್ಕೆ, ಹೊರೆ ಇಟ್ಟು ಸುಧಾರಿಸಿಕೊಳ್ಳಲು ಸರಿಯಾಗಿ. ಅಕ್ಕ ತಂಗಿ ಬಹುಕಾಲ ಜೊತೆಯಾಗಿ ಬಾಳಿದರು, ಗೋಡೆಯ ಮೇಲೆ ಜಿಡ್ಡಿನ ಕಲೆ ಎರಡಾಯಿತು. ಇಲ್ಲಿಯವರೆಗೆ ಹೊತ್ತು ತಂದ ಕತೆಯನ್ನು ಇಲ್ಲಿಗೆ ಇಳಿಸಿದ್ದೇನೆ.